ಗಟಾರವೋ ಬೋರಿಂಗೋ

ಮೊದಲು ಬಂದ ಮುದುಕಿ ಸೆರಗಿನ ಗಂಟು ಬಿಚ್ಚಿ ಗಡಿಗೆಯೊಳಗೆ ಮುಷ್ಟಿ ತುಂಬ ಜೋಳ ಸುರಿದಳು. ನಾನು ತಡೆಯುವಷ್ಟರಲ್ಲಿ ಎರಡನೆಯ ಮುಷ್ಟಿಯೂ ಬಿತ್ತು.

“ಆಯಿ, ತಲಿಗೊಂದ ಕಾಳ ಅಂದಿದ್ನೆಲ್ಲ,” ಅಂದೆ.

“ಒಂದ ಕಾಳ ಹಾಕಾಕ ನಾನೇನ ಗುಬ್ಬಿ ಅದೀನೇನೊ?” ಅಂದಳು. ಮೂರನೆಯದೂ ಹಾಕಿದಳು. “ದೇವರ ಮುಂದ ಗಡಿಗಿ ಇಟ್ಟೀರಿ. ಒಂದ ಕಾಳ ಹಾಕಿ ಹೋದ್ರ ಮಂದಿ ಏನಂದಾರು?”

ಐದು ಮುಷ್ಟಿ ಮುಗಿಸಿ, ಕೈ ಮುಗಿದು ಹೋದಳು. ಅವಳ ಹಿಂದೆ ನಿಂತವಳ ಸೆರಗಿನಲ್ಲೂ ಗಂಟಿತ್ತು. ಅವಳ ಹಿಂದಿನವಳದ್ದೂ ಅಷ್ಟೆ. ಸಾಲು ಗುಡಿಯ ಮೆಟ್ಟಿಲು ಇಳಿದು ಓಣಿಯ ತನಕ ಇತ್ತು.

ನಮ್ಮೂರು ಬಸವನ ಬಾಗೇವಾಡಿ ತಾಲೂಕಿನಲ್ಲಿದೆ, ಮಸೂತಿ ಅನ್ನುವ ಊರಿನಿಂದ ದೂರವಿಲ್ಲ. ಆ ವರ್ಷ ನಮ್ಮ ಓಣಿಗೆ ಪಂಚಾಯಿತಿಯಿಂದ ಒಂದು ಕೆಲಸ ಮಂಜೂರಾಗಿತ್ತು. ಒಂದೇ. ಯಾವ ಕೆಲಸ ಅಂತ ಓಣಿಯವರೇ ಸೇರಿ ಹೇಳಬೇಕು. ಬರೆದುಕೊಂಡು ಹೋಗಲು ಪಂಚಾಯಿತಿ ಸೆಕ್ರೆಟರಿ ಬಂದು ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ಓಣಿಯಲ್ಲಿ ಎರಡು ಮಾತು ನಡೆದಿತ್ತು. ಮೇಲಿನ ತುದಿಯವರಿಗೆ ಗುಡಿಯ ಹತ್ತಿರ ಕೈಪಂಪಿನ ಬೋರಿಂಗ್ ಬೇಕು. ಕೆಳಗಿನ ತುದಿಯವರಿಗೆ ಕೊಳಚೆ ನೀರು ಹರಿದುಹೋಗಲು ಗಟಾರ ಬೇಕು.

ಕೆಳಗಿನ ತುದಿಯ ಕೊನೆಯ ಮನೆ ನಮ್ಮದು. ಓಣಿ ಇಳಿಜಾರು. ಮೇಲಿನವರು ಮುಸುರೆ ತೊಳೆದ ನೀರು, ಎಮ್ಮೆ ತೊಳೆದ ನೀರು, ಬಚ್ಚಲ ನೀರು ಎಲ್ಲ ಹರಿದು ಬಂದು ನಮ್ಮ ಓಣಿ ಕಡೆಯ ಗೋಡೆಯ ಬುಡದಲ್ಲಿ ನಿಲ್ಲುತ್ತಿತ್ತು. ಅದು ಮಣ್ಣಿನ ಗೋಡೆ. ನಾನು ಆಗ ಆಲಮಟ್ಟಿಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಶಾಲೆ ಕಲಿತದ್ದು ನಾಲ್ಕನೆಯ ತನಕ. ಆದರೆ ಗೋಡೆ ನನಗೆ ಗೊತ್ತು. ನಮ್ಮ ಗೋಡೆಗೆ ಮೊಳದೆತ್ತರ ಹಸಿ ಏರಿತ್ತು. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಇನ್ನೊಂದು ಮಳೆಗಾಲ ಅದು ತಡೆಯುತ್ತಿರಲಿಲ್ಲ. ಆ ಗೋಡೆಯ ಒಳಮಗ್ಗುಲಿಗೆ ಅವ್ವ ಕೌದಿ ಹಾಸಿಕೊಂಡು ಮಲಗುತ್ತಿದ್ದಳು. ಬೇರೆ ಕಡೆ ಮಲಗು ಅಂದರೆ ಕೇಳುತ್ತಿರಲಿಲ್ಲ, ಉಳಿದ ಜಾಗದಲ್ಲಿ ಎಮ್ಮೆ, ಹೊಟ್ಟಿನ ಚೀಲ.

ಬೋರಿಂಗ್ ಬಂದರೆ ಇನ್ನೂ ಕೆಡುತ್ತದೆ. ಅಲ್ಲೇ ಬಟ್ಟೆ ಒಗೆಯುತ್ತಾರೆ, ಅಲ್ಲೇ ಎಮ್ಮೆ ತೊಳೆಯುತ್ತಾರೆ. ಆ ನೀರೂ ನಮ್ಮ ಗೋಡೆಗೇ ಬರುತ್ತದೆ. ನನಗೆ ಗಟಾರ ಬೇಕೇ ಬೇಕಿತ್ತು.

ಕೈ ಎತ್ತಿಸಿ ಎಣಿಸುವುದು ವಾಡಿಕೆ. ಹಾಗೆ ಮಾಡಿದರೆ ಗಂಡಸರಷ್ಟೇ ಎತ್ತುತ್ತಾರೆ. ಸೊಸೆಯಂದಿರು ಮಾವನ ಎದುರು ಕೈ ಎತ್ತುವುದು ಹಾಗಿರಲಿ, ಕಟ್ಟೆಯ ಕಡೆಗೇ ಬರುವುದಿಲ್ಲ. ಗಂಡಸರ ಲೆಕ್ಕ ನಾನು ಮೊದಲೇ ಹಾಕಿದ್ದೆ. ಪಂಚಾಯಿತಿ ಮೆಂಬರನ ಮನೆ ಮೇಲಿನ ತುದಿಯಲ್ಲಿತ್ತು, ಅವನ ಮಾತಿಗೆ ಕೈ ಹೆಚ್ಚು ಏಳುತ್ತಿದ್ದವು. ಕೆಳಗಿನ ತುದಿಯ ಹೆಂಗಸರು ದಿನಾ ಆ ಕೊಳಚೆ ತುಳಿದೇ ಓಡಾಡುತ್ತಾರೆ, ಅವರು ಬಂದರೆ ಗಟಾರ ಗೆಲ್ಲುತ್ತದೆ ಅಂದುಕೊಂಡೆ. ಅದಕ್ಕೆ ನಾನೇ ಎದ್ದು ಹೇಳಿದೆ: ಗುಡಿಯೊಳಗೆ ಎರಡು ಗಡಿಗೆ ಇಡೋಣ, ಅಡ್ಡ ಕಂಬಳಿ ಕಟ್ಟೋಣ, ಒಬ್ಬೊಬ್ಬರೇ ಹೋಗಿ ಒಂದೊಂದು ಕಾಳು ಹಾಕಿ ಬರಲಿ. ಸೆಕ್ರೆಟರಿಗೆ ಬೇಗ ಮುಗಿದರೆ ಸಾಕಿತ್ತು, ಹೂಂ ಅಂದ. ಒಂದು ಗಡಿಗೆಗೆ ಸುಣ್ಣ ಬಳಿದೆ, ಅದು ಬೋರಿಂಗ್. ಇನ್ನೊಂದಕ್ಕೆ ಕೆಮ್ಮಣ್ಣು, ಅದು ಗಟಾರ. ಮನೆಮನೆಗೆ ಹೋಗಿ ಜೋಳದ ಕಾಳು ತರಲು ಹೇಳಿದೆ. ಯಾರೂ ಗಡಿಗೆ ಮುಟ್ಟದಂತೆ ನೋಡಲು ಕಂಬಳಿಯ ಹಿಂದೆ ನಾನೇ ನಿಂತೆ.

ನಮ್ಮ ಕಡೆ ಹೆಂಗಸರು ಕಾಳು ಎಣಿಸಿ ಕೊಡುವುದಿಲ್ಲ. ಮುತ್ತೈದೆಯ ಮಡಿಲಿಗೆ ಉಡಿ ತುಂಬಿದರೆ ಐದು ಮುಷ್ಟಿ, ಬಾಗಿಲಿಗೆ ಬೇಡಲು ಬಂದವರಿಗೆ ಬೊಗಸೆ. ಚಿಕ್ಕಂದಿನಿಂದ ನೋಡಿದ್ದೆ. ಆದರೂ ನನ್ನ ತಲೆಗೆ ಹೊಳೆಯಲಿಲ್ಲ.

ಹತ್ತು ಹೆಂಗಸರು ಬಂದು ಹೋಗುವಷ್ಟರಲ್ಲಿ ಗಡಿಗೆ ಅರ್ಧ ತುಂಬಿದವು. ಹೊರಗಿನಿಂದ ಮೆಂಬರ್ ಕೂಗಿದ: “ಏ ಗೌಂಡಿ, ಒಳಗ ರಾಶಿ ಮಾಡಾಕತ್ತೀರೇನೊ? ಚೀಲ ಕಳಿಸ್ಲೇನು?” ಕಟ್ಟೆಯ ಮೇಲಿನ ಗಂಡಸರು ನಕ್ಕರು.

ಆಮೇಲೆ ಅವ್ವ ಬಂದಳು. ಕೆಮ್ಮಣ್ಣಿನ ಗಡಿಗೆಗೆ ಐದು ಮುಷ್ಟಿ ಹಾಕಿದಳು. ನನಗೆ ಜೀವ ಬಂತು. ಆಮೇಲೆ ಪಕ್ಕಕ್ಕೆ ಸರಿದು ಸುಣ್ಣದ ಗಡಿಗೆಗೂ ಐದು ಮುಷ್ಟಿ ಹಾಕಿದಳು.

“ಯವ್ವಾ, ಏನ ಮಾಡಾಕತ್ತಿ?”

“ಒಂದಕ್ಕ ಹಾಕಿ ಒಂದನ್ನ ಬಿಟ್ಟ ಹೆಂಗ ಹೋಗ್ಲೊ? ಇಬ್ರು ಮುತ್ತೈದೇರು ಕುಂತ್ರ ಒಬ್ಬಾಕಿಗಷ್ಟ ಉಡಿ ತುಂಬತಾರೇನು?”

“ಇವು ಗಡಿಗಿ ಬೇ, ಮುತ್ತೈದೇರಲ್ಲ.”

“ಬಣ್ಣ ಹಚ್ಚಿ ಗುಡ್ಯಾಗ ಕುಂದರ್ಸಿದಾಂವ ನೀನು. ನನಗ ಬೈಬ್ಯಾಡ,” ಅಂದು ಹೊರಟುಹೋದಳು.

ಅವಳನ್ನು ನೋಡಿ ಹಿಂದಿನವರೂ ಎರಡಕ್ಕೂ ಹಾಕಿದರು. ಕೊನೆಗೆ ಎರಡು ಗಡಿಗೆಯೂ ಕಂಠದ ತನಕ ತುಂಬಿ ನಿಂತವು. ಹೊರಗೆ ತಂದಿಟ್ಟೆವು. ಯಾರೋ ಸೇರು ತರಿಸಿ ಅಳೆಯಿರಿ ಅಂದರು.

“ಅಳದ ಏನಂತ ಬರೀಲ್ರಿ? ಗಟಾರಕ್ಕ ಎಂಟ ಸೇರ ಅಂತ ಬರೀಲೇನು?” ಅಂದ ಸೆಕ್ರೆಟರಿ. ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ಗಡಿಗೆ ಬರಿದು ಮಾಡಿ ಮತ್ತೆ ಒಳಗೆ ಇಟ್ಟರು. ಈ ಸಲ ಸೆಕ್ರೆಟರಿ ಯಾರದೋ ಮನೆಯಿಂದ ಹುಣಸೆ ಬೀಜ ತರಿಸಿದ. ತಾನೇ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ಇಟ್ಟ. ಬೀಜ ಉಡಿಗೆ ಹಾಕುವ ವಸ್ತುವಲ್ಲ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ನಾನು ಒಳಗೆ ನಿಲ್ಲಲು ಹೋದರೆ ಮೆಂಬರ್ ಬಿಡಲಿಲ್ಲ.

“ನೀ ಅಲ್ಲಿ ನಿಂತ ಕಣ್ಣ ಬಿಟ್ರ ಯಾರ ಹಾಕ್ತಾರೊ? ಹೊರಗ ಬಾ.”

ಹೊರಗೆ ಬಂದೆ. ಕೂರಲು ಆಗಲಿಲ್ಲ. ಗುಡಿ ಸುತ್ತಿದೆ, ಓಣಿಯ ಕೆಳಗೆ ಹೋಗಿ ಗೋಡೆ ನೋಡಿ ಬಂದೆ, ಮತ್ತೆ ಗುಡಿ ಸುತ್ತಿದೆ. ಅವ್ವ ಒಳಗೆ ಹೋಗಿ ಬಂದದ್ದು ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಎಣಿಸಿದರು. ಸುಣ್ಣದ ಗಡಿಗೆಯಲ್ಲಿ ಬೀಜ ಹೆಚ್ಚಿದ್ದವು. ಒಂದೆರಡಲ್ಲ, ಬಹಳ. ಸೆಕ್ರೆಟರಿ ಬೋರಿಂಗ್ ಅಂತ ಬರೆದುಕೊಂಡು ಸೈಕಲ್ ಹತ್ತಿದ.

ಮನೆಗೆ ಬಂದು ಕೇಳಿದೆ. “ಯಾವದಕ್ಕ ಹಾಕಿದಿ ಬೇ?”

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ಬೋರಿಂಗಿಗೆ.”

“ಗ್ವಾಡಿ ನಿನ್ನ ಮ್ಯಾಲ ಬೀಳತೈತಿ. ಗೊತ್ತೈತಿಲ್ಲ?”

“ಮೊದಲ ಎರಡಕ್ಕೂ ಹಾಕಿದ್ದೆ. ಒಂದ ಅಂದವರು ನೀವು.” ರೊಟ್ಟಿ ಹೆಂಚಿಗೆ ಹಾಕಿದಳು. “ಗ್ವಾಡಿ ಬಿದ್ರ ಕಟ್ಟಾಕ ನೀ ಅದೀದಿ. ನೀರ ಯಾರ ತರತಾರು? ದೊಡ್ಡ ಬಾವಿಗೆ ಹೋಗಿ ಬರೂದ್ರಾಗ ನನ್ನ ಮೊಣಕಾಲ ಏನಾಗತಾವು ಅಂತ ಒಂದ ದಿನಾ ಕೇಳೀದೇನು? ಒಂದ ಕೊಡ ಹೊತ್ತ ತಂದೀದೇನು?”

ತಂದಿರಲಿಲ್ಲ. ನಮ್ಮ ಓಣಿಯಲ್ಲಿ ಯಾವ ಗಂಡಸೂ ಕೊಡ ಹೊರುತ್ತಿರಲಿಲ್ಲ. ಊರ ಹೊರಗಿನ ಬಾವಿಗೆ ಅವಳು ದಿನಾ ನಾಲ್ಕು ಸಲ ಹೋಗಿ ಬರುತ್ತಿದ್ದಳು. ಹೆಂಗಸರು ಬಂದರೆ ಗಟಾರ ಗೆಲ್ಲುತ್ತದೆ ಅಂತ ಲೆಕ್ಕ ಹಾಕುವಾಗ ಈ ಬಾವಿ ನನ್ನ ನೆನಪಿಗೇ ಬಂದಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಊಟ ಬಿಟ್ಟು ಆಲಮಟ್ಟಿಗೆ ಹೋದೆ.

ಬೇಸಿಗೆ ಮುಗಿಯುವಷ್ಟರಲ್ಲಿ ಬೋರಿಂಗ್ ಬಂತು. ನಾನು ಅಂದದ್ದೇ ಆಯಿತು, ನೀರು ಎರಡು ಪಟ್ಟು ಬರತೊಡಗಿತು. ನಾನೇ ಗುದ್ದಲಿ ಹಿಡಿದು ಗೋಡೆಯ ಪಕ್ಕ ಕಾಲುವೆ ತೋಡಿದೆ. ಮೂರನೆಯ ದಿನ ಬಂಡಿ ಹಾಯ್ದು ಮುಚ್ಚಿತು. ಮತ್ತೆ ತೋಡಿದೆ, ಮತ್ತೆ ಮುಚ್ಚಿತು. ಆಲಮಟ್ಟಿಯಲ್ಲಿ ಮೋಡ ಕಂಡರೆ ಸಾಕು, ಕೆಲಸ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಅಲ್ಲಿಯ ಮೇಸ್ತ್ರಿ ಎರಡು ಸಲ ಬೈದ, ಮೂರನೆಯ ಸಲ ಬರಬೇಡ ಅಂದ.

ಆ ಮಳೆಗಾಲದಲ್ಲಿ ಗೋಡೆ ಬಿತ್ತು. ಬೆಳಿಗ್ಗೆ, ಬಿಸಿಲು ಬಿದ್ದ ಮೇಲೆ. ಅವ್ವ ಬೋರಿಂಗಿನ ಹತ್ತಿರ ಪಾಳಿ ಹಚ್ಚಿ ನಿಂತಿದ್ದಳು. ಅವಳ ಕೌದಿ ಮಣ್ಣಿನಡಿ ಹೋಯಿತು. ನಾನು ಅಂಗಳದಲ್ಲಿದ್ದೆ. ದೊಡ್ಡ ಸಪ್ಪಳ ಏನೂ ಆಗಲಿಲ್ಲ, ಕುಸಿದು ಕೂತಿತು ಅಷ್ಟೆ. ಅವ್ವ ಬಂದು ನೋಡಿದಳು. ಕೊಡ ಇಳಿಸಿ, ಮೊದಲು ಎಮ್ಮೆ ಎಲ್ಲಿ ಅಂತ ಕೇಳಿದಳು.

ಮಳೆ ಬಿಟ್ಟ ಮೇಲೆ ಕಟ್ಟಲು ಹತ್ತಿದೆ. ಕೆಳಗೆ ಎರಡು ಮೊಳ ಕಲ್ಲು, ಮೇಲೆ ಮಣ್ಣು. ಕೆಸರು ಕಲಸಲು ನೀರು ಬೇಕು, ಒಂದೆರಡು ಕೊಡವಲ್ಲ. ಅವ್ವ ಕೊಡ ಎತ್ತಲು ಬಂದಳು, ಕಸಿದುಕೊಂಡೆ. ಬೋರಿಂಗಿಗೆ ಹೋಗಿ ಹೆಂಗಸರ ಪಾಳಿಯಲ್ಲಿ ನಿಂತೆ. ಅವತ್ತು ಎಲ್ಲರಿಗಿಂತ ಮೊದಲು ಐದು ಮುಷ್ಟಿ ಹಾಕಿದ ಆ ಮುದುಕಿ ಅಲ್ಲೇ ಕೂತಿದ್ದಳು.

“ಏ ಗೌಂಡಿ, ಗಟಾರ ಬೇಕಂದಾಂವ ಬೋರಿಂಗಿಗೆ ಬಂದ್ಯಲ್ಲೊ,” ಅಂದಳು. “ಹೆಗಲಿಗೆ ಬ್ಯಾಡ, ಚೆಲ್ಲತೈತಿ. ತಲಿ ಮ್ಯಾಲ ಸಿಂಬಿ ಇಟಗೊ.”

ಸಿಂಬಿ ಅಂದರೆ ತಲೆಯ ಮೇಲೆ ಇಡುವ ಬಟ್ಟೆಯ ಸುರುಳಿ. ನನ್ನ ಟವೆಲ್ಲನ್ನು ಅವಳೇ ಸುತ್ತಿ ಕೊಟ್ಟಳು. ಹೆಂಗಸರು ನಕ್ಕರು. ಮೊದಲ ಕೊಡ ಅರ್ಧ ಮೈಮೇಲೆ ಚೆಲ್ಲಿತು. ಐದನೆಯದಕ್ಕೆ ಕುತ್ತಿಗೆ ಹಿಡಿಯಿತು. ಅವತ್ತು ಎಷ್ಟು ಹೊತ್ತೆನೋ ಎಣಿಸಲಿಲ್ಲ. ಗೋಡೆ ಮುಗಿದ ಮೇಲೂ ಮನೆಯ ನೀರು ನಾನೇ ತರುತ್ತೇನೆ. ಮೆಂಬರ್ ಕಟ್ಟೆಯ ಮೇಲಿಂದ ಏನೇನೋ ಅನ್ನುತ್ತಾನೆ. ಅನ್ನಲಿ.

ಗಟಾರ ಇನ್ನೂ ಬಂದಿಲ್ಲ. ನೀರು ಈಗ ಕಲ್ಲಿಗೆ ಬಡಿದು ನಿಲ್ಲುತ್ತದೆ. ದಿನಾ ಬೆಳಿಗ್ಗೆ ಹೋಗಿ ಬೆರಳು ಒತ್ತಿ ನೋಡುತ್ತೇನೆ. ನನ್ನ ಹತ್ತಿರ ಇದ್ದದ್ದು ಇಷ್ಟು, ಮುಂದೆ ಹೇಳಲು ಏನೂ ಇಲ್ಲ.