ಅಧ್ಯಕ್ಷರ ಫೋಟೋ ಬಾರದ ಪರದೆ

ಮುಂಬಯಿ ಸಾಂತಾಕ್ರೂಜಿನ ನಮ್ಮ ಕನ್ನಡ ಸಂಘದ ಕಚೇರಿಗೆ ಶೀತಲ್ ಬರುವುದು ಎ.ಸಿ. ಗಾಳಿಗೆ ಎಂದು ನಾನು ಬಹಳ ದಿನ ನಂಬಿದ್ದೆ. ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಬಂದು, ಕಂಪ್ಯೂಟರಿನ ಮುಂದೆ ಕೂತು, ಒಂದಕ್ಷರವೂ ಒತ್ತದೆ ಪರದೆ ನೋಡುತ್ತಿದ್ದಳು. ನಮ್ಮಲ್ಲಿ ಹಾಗೆ ಸುಮ್ಮನೆ ಕೂರುವ ಹಕ್ಕು ಪದಾಧಿಕಾರಿಗಳಿಗೆ ಮಾತ್ರ. ಅವಳು ತಪ್ಪು ಹುಡುಕುತ್ತಿದ್ದಾಳೆಂದು ಆಮೇಲೆ ತಿಳಿಯಿತು.

ಅವಳ ಅಪ್ಪನ ಹೆಸರು ಶ್ರೀಮಂತ; ಕಲಬುರಗಿ ಕಡೆಯವರು, ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವವರು. ಮಗಳು ಕಂಪ್ಯೂಟರ್ ಓದಿ, ಅಂಧೇರಿಯಲ್ಲಿ ಅಕ್ಷಯನ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಟ್ರೇನಿಯಾಗಿ ಸೇರಿದ್ದಳು. ಅಕ್ಷಯ ನಮ್ಮ ಅಧ್ಯಕ್ಷ ಅಣ್ಣು ಅವರ ತಂಗಿಯ ಮಗ. ಹಾಗಾಗಿ ಸಂಘದ ಹಾಲ್ ಬುಕಿಂಗಿಗೆ ಪ್ರೋಗ್ರಾಂ ಬರೆಯಲು ಅವನಷ್ಟು ಅರ್ಹರು ಇಡೀ ಮುಂಬಯಿಯಲ್ಲಿ ಸಿಗಲಿಲ್ಲ. ಬರೆಯುವವಳು ಶೀತಲ್. "ಉದ್ಘಾಟನೆ ಚಂದ ಆದ್ರೆ ನೀನು ಪರ್ಮನೆಂಟ್," ಎಂದು ಅಕ್ಷಯ ಅವಳಿಗೆ ಹೇಳಿದ್ದ.

ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು. ಅಣ್ಣು ಬಂದು ನೋಡಿದರು. "ಎಲ್ಲಾ ಉಂಟು, ನಾನೆಲ್ಲಿ?" ಎಂದರು. ಮೊದಲ ಪರದೆಯಲ್ಲೇ ಶಾಲು, ಪೇಟ ಸಮೇತ ಅವರ ಫೋಟೋ ಬರಬೇಕು. ಫೋಟೋ ಸೇರಿಸಿದ್ದೇ ತಡ, ಪ್ರೋಗ್ರಾಂ ಮಕಾಡೆ ಮಲಗಿತು.

ಕಾರಣ ಸಿಕ್ಕ ದಿನ ಶೀತಲ್ ನನ್ನನ್ನು ಕರೆದು ತೋರಿಸಿದಳು. "ನೋಡ್ರಿ ಅಂಕಲ್, ಫೋಟೋ ತೋರಿಸೋ ಲೈಬ್ರರಿದಾಗ, ಅಂದ್ರ ಮೊದ್ಲೇ ಬರದಿಟ್ಟ ಕೋಡ್‌ದಾಗ, 'ಇಮೇಜ್' ಅಂತ ಒಂದು ಅದ. ಬಟನ್, ವಿಂಡೋ ಮಾಡೋ ಟಿಕಿಂಟರ್‌ದಾಗೂ ಅದೇ ಹೆಸರಿಂದು ಇನ್ನೊಂದು ಅದ. 'ಟಿಕಿಂಟರ್‌ದಾಗ ಇದ್ದದ್ದೆಲ್ಲಾ ತಗೊಂಡು ಬಾ' ಅಂತ ಅಕ್ಷಯ ಸರ್ ಒಂದು ಲೈನ್ ಬರದಾರ. ಅದು ಕಡೀಕ ಬರ್ತದ, ಫೋಟೋದ ಇಮೇಜನ್ನ ಎಬ್ಬಿಸಿ ತಾ ಕೂಡ್ತದ."

"ಕೊನೆಗೆ ಬಂದವರಿಗೆ ಸೀಟಾ? ಯಾವ ಊರಿನ ನ್ಯಾಯ ಇದು?"

"ನಿಮ್ಮ ಸಂಘದ ಸ್ಟೇಜ್ ಮ್ಯಾಲೆ ಇದೇ ನ್ಯಾಯ ಅದ ಅಲ್ರಿ."

ನಾನು ಕೆಮ್ಮಿದೆ.

ಅವಳು ಆ ಸಾಲನ್ನು ತೆಗೆದುಹಾಕಿ, ಟಿಕಿಂಟರಿನದೆಂದು ಗೊತ್ತಾಗುವಂತೆ ಪ್ರತಿ ಬಟನಿನ ಹೆಸರಿಗೆ ಮೊದಲು 'ಟಿಕೆ' ಎಂದು ಮನೆತನದ ಹೆಸರು ಹಚ್ಚಿದಳು. ಜಗಳ ತೀರಿತು. ಪರದೆಯ ಮೇಲೆ ಅಣ್ಣು ನಗುತ್ತ ನಿಂತರು.

ಉದ್ಘಾಟನೆಯ ದಿನ ಬೆಳಿಗ್ಗೆ ಅಕ್ಷಯ ಬಂದು ಕಣ್ಣಾಡಿಸಿದ.

"ನನ್ನ ಲೈನ್ ಎಲ್ಲಿ?"

"ಸರ್, ಪ್ರಾಬ್ಲೆಮ್ ಅದರಿಂದಾನೇ..."

"ನನ್ನ ಎಲ್ಲಾ ಪ್ರಾಜೆಕ್ಟಲ್ಲೂ ಉಂಟದು! ಕಂಪನಿ ನಿಂತಿರೋದೇ ಆ ಲೈನ್ ಮೇಲೆ. ನೀನು ನಂಗೆ ಕಲಿಸ್ತೀಯಾ?"

ಅವಳ ಸಾಲುಗಳ ಕೆಳಗೆ ತನ್ನದನ್ನು ಮತ್ತೆ ಬರೆದ. ಓಡಿಸಿ ನೋಡೋಣ ಎಂದು ಶೀತಲ್ ಅನ್ನುವಷ್ಟರಲ್ಲಿ ಅತಿಥಿಗಳು ಬಂದರು, ಅವನು ಹಾರ ಹಾಕಲು ಓಡಿದ.

ಅಣ್ಣು ದೀಪ ಹಚ್ಚಿ, ಬಟನ್ ಒತ್ತಿದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಕೆಂಪಕ್ಷರದ ಇಂಗ್ಲಿಷ್ ಸಾಲುಗಳು ಮೂಡಿದವು. ಸಭೆ ಭಕ್ತಿಯಿಂದ ಓದತೊಡಗಿತು.

"ಎಂತ ಮಾರಾಯಾ! ನನ್ನ ಮುಖದ ಬದಲು ನೋಟಿಸು ಬಂತಲ್ಲ!"

ಅಕ್ಷಯ ಮೈಕಿಗೆ ಬಾಯಿ ಹಚ್ಚಿದ. "ಸಾರಿ ಮಾಮ, ಟ್ರೇನಿ ಹುಡುಗಿ ಏನೋ ಗಡ್‌ಬಡ್ ಮಾಡಿದ್ದಾಳೆ."

ಶೀತಲ್ ವೇದಿಕೆ ಹತ್ತಿದಳು, ಎಲ್ಲರೂ ನೋಡುತ್ತಿದ್ದಂತೆ ಆ ಒಂದು ಸಾಲು ಅಳಿಸಿದಳು, ಬಟನ್ ಒತ್ತಿದಳು. ಪೇಟ ಬಂತು, ಪೇಟದ ಕೆಳಗೆ ಅಣ್ಣು ಬಂದರು. ಚಪ್ಪಾಳೆಯೋ ಚಪ್ಪಾಳೆ. ಅಣ್ಣು ಸಂತೋಷ ತಡೆಯಲಾರದೆ ಅಕ್ಷಯನಿಗೆ ಶಾಲು ಹೊದಿಸಿದರು.

ಮರುದಿನ ಅಕ್ಷಯ ಅವಳನ್ನು ಕೆಲಸದಿಂದ ತೆಗೆದ. ಕ್ಲೈಂಟ್ ಎದುರಿಗೆ ತನ್ನ ಇಜ್ಜತ್ ಕಳೆದಳಂತೆ. ನಾನು ಅಣ್ಣು ಅವರ ಹತ್ತಿರ ಹೋಗಿ ನಡೆದದ್ದು ಹೇಳಿದೆ. "ಅದು ಅವರ ಆಫೀಸಿನ ವಿಷಯ, ನಮಗೆ ಯಾಕೆ? ಫೋಟೋ ಬಂತಲ್ಲ," ಎಂದು ಚಹಾ ತರಿಸಿದರು. ನಾನು ಕುಡಿದೆ.

ಕೆಲಸಕ್ಕೆಂದು ಕೊಟ್ಟಿದ್ದ ಸಂಘದ ಕಚೇರಿಯ ಬೀಗದಕೈ ಹಿಂದಿರುಗಿಸಲು ಶೀತಲ್ ಬಂದಳು. ಏನಾದರೂ ಹೇಳಬೇಕಲ್ಲ, ಹಿರಿಯನ ಗತ್ತಿನಲ್ಲಿ ಕೇಳಿದೆ:

"ಹೋಗಲಿ ಬಿಡಮ್ಮ, ಒಂದು ಅನುಭವ ಆಯ್ತಲ್ಲ?"

"ಅನುಭವ ನೀವೇ ಇಟ್ಕೋರಿ ಅಂಕಲ್. ನನಗ ನೌಕರಿ ಬೇಕಾಗಿತ್ತು."