ತೋಳ ಇಲ್ಲ ಅಂದಿದ್ದು

ನನಗಾಗ ಅರವತ್ತು, ಹನ್ನೆರಡು ವರ್ಷದ ಹಿಂದಿನ ಮಾತು. ಕುರಿ ಹೊಡ್ಕಂಡು ಮಾರಿಕಣಿವೆ ಕಡೆ ಹೊರಟೋಳು ಮಾಡದಕೆರೆ ಹತ್ರ ಚಾ ಅಂಗಡೀಲಿ ಕುಂತಿದ್ದೆ. ಎದುರಿಗೆ ತಲೆ ನರೆತ ಒಬ್ಬ ಹೆಂಗಸು. ಯಾವ ಕಾಡುಪ್ರಾಣಿ ಉಳಿದಾವೆ, ಯಾವು ಅಳೀತಾವೆ ಅಂತ ತಿರುಗಿ ನೋಡಿ ಬರ್ಕಳದೇ ಆಯಮ್ಮನ ಕೆಲಸ. ಚೀಲದಿಂದ ಒಣಗಿದ ಹೇಲು ತೆಗೆದು ಮೂಸಿದಳು.

"ಏನವ್ವ, ಓದಿದೋರು ಹೇಲು ಕಟ್ಕಂಡು ತಿರುಗ್ತೀರಾ?" ಅಂದೆ.

"ತೋಳದ್ದು ಅಜ್ಜಿ. ಇದರಲ್ಲಿರೋ ಉಣ್ಣೆ ನಿಮ್ಮ ಕುರೀದೇ ಇರಬೇಕು," ಅಂತ ನಕ್ಕಳು. "ದಾರೀಲಿ ಸಿಕ್ತು. ಅಗೋ, ಆ ಎದುರಿನ ಗುಡ್ಡದಲ್ಲಿ ತೋಳ ಮರಿ ಹಾಕಿದ ಗವಿ ಏನಾದ್ರೂ ಕಂಡಿದೀರಾ? ಇದ್ರೆ ಬರೀತೀನಿ, ಕಲ್ಲು ಕ್ವಾರಿ ಬರೋದು ತಪ್ಪಿಸಬಹುದು."

ಹಿಂದಿನ ದಿನವೇ ಅಲ್ಲಿ ಗವಿ ಬಾಯಲ್ಲಿ ನಾಲ್ಕು ತೋಳದ ಮರಿ ಕಂಡಿದ್ದೆ. ಹೇಳಿದರೆ ಫಾರೆಸ್ಟಿನೋರು ಬಂದು ಕುರಿ ಮೇಯೋಕೂ ಬಿಡಲ್ಲ ಅಂತ ಹೆದರಿ, "ಇಲ್ಲವ್ವ" ಅಂದೆ.

"ಮೂವತ್ತು ವರ್ಷದಿಂದ ಇಲ್ಲ, ಇಲ್ಲ ಅಂತ ಬರೆಯೋದೇ ಆಯ್ತು," ಅಂತ ಆಯಮ್ಮ ಬರ್ಕಂಡಳು. ನನ್ನ ಮಾತು ನಂಬಿದಳು.

ಇವತ್ತು ಬಸ್ಸಿನಾಗೆ ಅದೇ ದಾರೀಲಿ ಬಂದೆ. ಗುಡ್ಡ ಅರ್ಧ ಐತೆ, ಇನ್ನರ್ಧ ಜಲ್ಲಿ ಆಗೈತೆ. ತೋಳನೂ ಇಲ್ಲ, ಹುಲ್ಲೂ ಇಲ್ಲ. ಹೇಳಬೇಕಿತ್ತು, ಹೇಳಲಿಲ್ಲ.

ಅವತ್ತು ಆಯಮ್ಮ ಹೋದ ಮಾರನೇ ಬೆಳಗ್ಗೆ ಆ ಗುಡ್ಡಕ್ಕೇ ಕುರಿ ಬಿಟ್ಟಿದ್ದೆ. ಹೊಟ್ಟೆ ತುಂಬ ಮೇದವು.