ಜಲ್ಲಿ ದಿಂಡಿನಿಂದ ಚರಂಡಿಯವರೆಗೆ

ಸರ್ಕಾರಿ ಬಯಲಿನಲ್ಲಿ ಪರವಾನಗಿ ಇದ್ದವರು ಬೇಟೆಯಾಡಬಹುದು, ರಸ್ತೆಯಿಂದ ಮಾತ್ರ ಗುಂಡು ಹಾರಿಸುವಂತಿಲ್ಲ. ಈ ನಿಯಮವನ್ನು ನಾನು ಬಲು ಜಾಣತನದಿಂದ ಅರ್ಥ ಮಾಡಿಕೊಂಡಿದ್ದೆ. ಮೊದಲ ಬೇಟೆಯ ದಿನ ಪಿಕಪ್ಪನ್ನು ಅಂಚಿಗೆ ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಾಲನ್ನು ಹುಲ್ಲಿನ ಮೇಲೆ ಊರಿ, ಸೀಟಿನಲ್ಲೇ ಕೂತು ಜಿಂಕೆಗೆ ಗುರಿಯಿಟ್ಟೆ. ಹಿಂದೆ ರಸ್ತೆ ಹೆರೆದು ಮಟ್ಟ ಮಾಡುವ ಗ್ರೇಡರ್ ಯಂತ್ರ ಬಂದು ನಿಂತಿತು.

"ಕಾಲು ಹುಲ್ಲಲ್ಲಿದೆ, ಸರಿ. ಕುಂಡಿ ಎಲ್ಲಿದೆ ಮಾರಾಯ?" ಎಂದರು ಮೇಲೆ ಕೂತಿದ್ದ ಆರ್ಡೆಲ್ ಹ್ಯಾಸ್ಕಿನ್.

ಮರುವಾರ ನಾನು ಕೌಂಟಿಯ ರಸ್ತೆ ಶೆಡ್ಡಿನಲ್ಲಿ ಗ್ರೀಸ್ ಹಚ್ಚುವ ಕೆಲಸಕ್ಕೆ ಸೇರಿದಾಗ, ಈ ಕಥೆ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಅಮೆರಿಕದ ವಯೋಮಿಂಗಿನ ನಮ್ಮ ಮೂಲೆಯಲ್ಲಿ ತೊಂಬತ್ತು ಮೈಲಿ ಮಣ್ಣುರಸ್ತೆ ಆರ್ಡೆಲ್ ಅವರದು. ಇಪ್ಪತ್ತಾರು ವರ್ಷದಿಂದ ಹೆರೆಯುತ್ತಿದ್ದಾರೆ. ಗ್ರೇಡರಿನ ಅಲಗು ಬದಿಗೆ ತಳ್ಳಿದ ಜಲ್ಲಿ ರಸ್ತೆಯುದ್ದಕ್ಕೂ ದಿಂಡಾಗಿ ಕೂರುತ್ತದೆ. ಆರ್ಡೆಲ್ ಇಳಿದು ಅದನ್ನು ಬೂಟಿನಿಂದ ಒದ್ದು ನೋಡದೆ ಮುಂದೆ ಹೋಗುವುದಿಲ್ಲ. ಹಸಿ ರಸ್ತೆಯ ಮೇಲೆ ಯಾರಾದರೂ ಗಾಡಿ ಓಡಿಸಿದರೆ, ಚಕ್ರದ ಗುರುತು ನೋಡಿಯೇ ಯಾರೆಂದು ಹೇಳಿ ಬೈಯುತ್ತಾರೆ. ಹೆಚ್ಚಾಗಿ ಅದು ನಾನೇ.

ಕಳೆದ ಅಕ್ಟೋಬರಿನಲ್ಲಿ ಅವರ ಭಾವಮೈದ ಕೋಯ್ ಬೆಟ್ಟದ ಕಾಡು ಟಗರು ಹೊಡೆದ. ಆ ಪರವಾನಗಿ ಲಾಟರಿಯಲ್ಲಿ ಬರುವಂಥದ್ದು. ಅರ್ಜಿ ಹಾಕಿ ಹಾಕಿ ಹದಿನೆಂಟನೇ ವರ್ಷಕ್ಕೆ ಅವನ ಹೆಸರು ಬಂದಿತ್ತು. ರಸ್ತೆಯಿಂದ ಹೊಡೆದಿದ್ದಾನೆಂದು ಬೇಟೆಯ ಮೇಲೆ ಕಣ್ಣಿಡುವ ವಾರ್ಡನ್ ಕೇಸು ಹಾಕಿದ. ಕೋಯ್ ನಿಂತಿದ್ದದ್ದು ದಿಂಡಿಗೂ ಚರಂಡಿಗೂ ನಡುವಿನ ಬರಿನೆಲದಲ್ಲಿ. ರಸ್ತೆ ದಿಂಡಿಗೇ ಮುಗಿಯಿತೆಂದು ಅವನ ವಾದ, ಚರಂಡಿಯವರೆಗೂ ರಸ್ತೆಯೇ ಎಂದು ವಾರ್ಡನ್ನನದು. ಸೋತರೆ ಗೋಡೆಗೆ ಹಾಕಬೇಕೆಂದಿದ್ದ ಟಗರಿನ ತಲೆಯೂ ಜಪ್ತಿಯಾಗುತ್ತದೆ, ಐದು ವರ್ಷ ಬೇಟೆಯೂ ಇಲ್ಲ. ಕೋಯ್ ವಕೀಲರನ್ನು ಇಡಲಿಲ್ಲ. ರಸ್ತೆ ಮಾಡುವವರೇ ಮನೆಯವರಾಗಿರುವಾಗ ವಕೀಲರೇಕೆ ಎಂದು ಆರ್ಡೆಲ್ ಅವರನ್ನೇ ಸಾಕ್ಷಿಗೆ ಕರೆದ.

ಅವರ ಗಾಡಿ ಕೆಟ್ಟಿದ್ದರಿಂದ ಕೋರ್ಟಿಗೆ ನಾನೇ ಕರೆದೊಯ್ದೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ನೆಡ್ರಾ.

"ನಿಮ್ ರಸ್ತೆ ನಾಕಡಿ ಕಮ್ಮಿ ಆದ್ರೆ ಯಾರಪ್ಪನ ಗಂಟು ಹೋಗತ್ತೆ?"

"ಚರಂಡಿ ತೋಡಿದ್ದು ನಾನು."

"ಅವ್ನು ನನ್ ತಮ್ಮ ಕಣ್ರೀ!"

"ಅದಕ್ಕೆ ನಾನೇನ್ ಮಾಡ್ಲಿ? ನಿಮ್ಮಪ್ಪನ್ನ ಕೇಳು."

ನಾನು ನಗಬಾರದಿತ್ತು. ನೆಡ್ರಾ ನನ್ನ ಸೀಟಿನ ಬೆನ್ನಿಗೆ ಒದ್ದರು.

ಕೋರ್ಟಿನಲ್ಲಿ, ರಸ್ತೆ ಎಲ್ಲಿಗೆ ಮುಗಿಯುತ್ತದೆಂದು ಜಡ್ಜ್ ಕೇಳಿದರು.

"ಚರಂಡಿಯ ಆಚೆ ದಡಕ್ಕೆ," ಎಂದರು ಆರ್ಡೆಲ್. "ದಿಂಡು ಇವತ್ತು ಇಲ್ಲಿರತ್ತೆ, ಮುಂದಿನ ವಾರ ಅಲ್ಲಿರತ್ತೆ. ಹರಡೋಕೆ ಅಂತ ಇಟ್ಕೊಂಡಿರೋ ಜಲ್ಲಿ ಅದು."

ಕೋಯ್‌ನ ಮುಖ ಕಪ್ಪಿಟ್ಟಿತು. ಸಾಕ್ಷಿಯನ್ನು ಪ್ರಶ್ನಿಸುವ ಸರದಿ ಅವನದು. ಪ್ರಶ್ನೆಗಳನ್ನು ಬರೆದು ತಂದಿದ್ದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

"ಭಾವ, ದಿನಾ ಅದೇ ದಾರೀಲಿ ಗ್ರೇಡರ್ ಓಡಿಸ್ತೀರಿ. ಕ್ಯಾಬಿನ್ನಲ್ಲಿ ಬಂದೂಕು ಇರತ್ತೆ, ನಾನೇ ನೋಡಿದೀನಿ. ಪ್ರಮಾಣ ಮಾಡಿದೀರಿ, ಹೇಳಿ. ನೀವು ಯಾವತ್ತೂ ಆ ಜಾಗದಿಂದ ಹೊಡೆದೇ ಇಲ್ವಾ?"

ವಾರ್ಡನ್ ಪೆನ್ನು ಕೈಗೆತ್ತಿಕೊಂಡ. ನೆಡ್ರಾ ಗಂಡನನ್ನೇ ನೋಡುತ್ತಿದ್ದರು.

"ಹೊಡ್ದಿದೀನಿ. ಎರಡ್ ಸಲ. ಅವತ್ತೂ ಅದು ರಸ್ತೇನೇ."